ಬೇಕಾ, ವದ್ದಾ?

ನಮ್ಮ ಪಿ.ಟಿ. ಮೇಡಂ ಅವರ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿದ್ದವು. ಪಾವಗಡದ ಬೋರ್‌ವೆಲ್ ನೀರು ಕುಡಿದು ಬೆಳೆದವರಲ್ಲಿ ಬಹಳ ಜನರ ಹಲ್ಲು ಹಾಗೇ ಇರುತ್ತದೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಆ ಹಲ್ಲುಗಳ ನಡುವೆ ಸದಾ ಒಂದು ಸ್ಟೀಲ್ ವಿಷಲ್ ಇರುತ್ತಿತ್ತು. ಮಾತಾಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಬಾಯಿಯ ಒಂದು ಮೂಲೆಗೆ ತಳ್ಳಿ ಇನ್ನೊಂದು ಮೂಲೆಯಿಂದ ಮಾತಾಡುತ್ತಿದ್ದರು. ಮೇಲೆ ಗಂಜಿ ಹಾಕಿದ ಕಾಟನ್ ಸೀರೆ, ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಅಂಥ ಹಲ್ಲಿರುವ ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೇಡಂ ಹಿಡಿಯುತ್ತಿರಲಿಲ್ಲ. ನಗು ಬಂದರೆ ವಿಷಲ್ ಕೆಳಗೆ ಬೀಳುವಷ್ಟು ಬಾಯಿಬಿಟ್ಟು ನಗುತ್ತಿದ್ದರು.

ನಾನು ದೊಡ್ಡೇರಿಯ ಹತ್ತಿರದ ಹಳ್ಳಿಯವಳು. ಡಿಗ್ರಿ ಓದಲು ದಿನಾ ಬಸ್ಸಿನಲ್ಲಿ ಮಧುಗಿರಿಗೆ ಹೋಗಿಬರುತ್ತಿದ್ದೆ. ಮೊದಲ ವರ್ಷ ಖೋ ಖೋ ತಂಡಕ್ಕೆ ಸೇರಿದ ಹೊಸದು. ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಮೇಡಂ ಬೇಯಿಸಿದ ಕಡ್ಲೆಕಾಯಿಯ ಡಬ್ಬಿ ತೆರೆದು, ಸಾಲಾಗಿ ಕೂತಿದ್ದ ನಮ್ಮ ಮುಂದೆ ಹಿಡಿಯುತ್ತಾ ಬಂದರು. ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ: “ಬೇಕಾ, ವದ್ದಾ?” ಅರ್ಧ ಕನ್ನಡ, ಅರ್ಧ ತೆಲುಗು. ಪಾವಗಡದ ಕಡೆಯವರ ಮಾತೇ ಹಾಗೆ. ನಮ್ಮ ‘ಬ್ಯಾಡ’ ಅವರ ಬಾಯಲ್ಲಿ ‘ವದ್ದು’. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. “ಬ್ಯಾಡ ಮೇಡಂ” ಅಂದೆ. ಡಬ್ಬಿ ಪಕ್ಕದವಳ ಹತ್ತಿರ ಹೋಯಿತು.

ನಾನು ಕಾದು ಕೂತೆ. ಸಾಲಿನ ಕೊನೆ ಮುಟ್ಟಿ ಮೇಡಂ ವಾಪಸ್ ಬಂದೇ ಬರುತ್ತಾರೆ, ‘ಯಾಕಮ್ಮಾ, ತಗೋ’ ಅನ್ನುತ್ತಾರೆ, ಆಗ ನಾನು ಇನ್ನೊಮ್ಮೆ ಬ್ಯಾಡ ಅಂದು, ಮೂರನೆಯ ಸಲ ಕೈ ಚಾಚುವುದು ಎಂದು ಲೆಕ್ಕ ಹಾಕಿದ್ದೆ. ಮೇಡಂ ಮಿಕ್ಕ ಕಡ್ಲೆಕಾಯಿಯನ್ನು ತಾವೇ ಸುಲಿದು ತಿಂದು, ಸಿಪ್ಪೆ ಕೊಡವಿ, ಸ್ಕೂಟರ್ ಹತ್ತಿ ಹೋದರು. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಬ್ಯಾಡ ಅನ್ನುವುದು ಮರ್ಯಾದೆ. “ಈಗ ಉಂಡ್ಕಂಡು ಬಂದೆ ಕಣಮ್ಮ” ಅನ್ನಬೇಕು, ಉಂಡಿರಬಾರದು. ಮನೆಯವರು ಬಿಡಬಾರದು, ತಟ್ಟೆಗೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಮುದ್ದೆ ಇಳಿಸಬೇಕು. ಎರಡು ಕಡೆಯವರಿಗೂ ಆಟದ ನಿಯಮ ಗೊತ್ತಿರುವುದರಿಂದ ಯಾರೂ ಹಸಿದು ಏಳುವುದಿಲ್ಲ. ನಮ್ಮಮ್ಮ ಇದರಲ್ಲಿ ಪಳಗಿದವಳು. ಬ್ಯಾಡ ಎನ್ನುವ ದನಿ ಕೇಳಿಯೇ, ಇದು ಹೊಟ್ಟೆ ತುಂಬಿದ ಬ್ಯಾಡವೋ, ನಾಚಿಕೆಯ ಬ್ಯಾಡವೋ, ಸಾರು ರುಚಿಯಿಲ್ಲ ಅನ್ನುವ ಬ್ಯಾಡವೋ ಎಂದು ಹೇಳಿಬಿಡುತ್ತಿದ್ದಳು. ಅಂಥವಳ ಮಗಳಾಗಿ ಬೆಳೆದ ನನಗೆ ಮೇಡಂ ಪರದೇಶದವರ ಹಾಗೆ ಕಂಡರು.

ಧೈರ್ಯ ಬಂದ ಮೇಲೆ ಒಮ್ಮೆ ಕೇಳಿಯೇಬಿಟ್ಟೆ. “ಅಲ್ಲ ಮೇಡಂ, ಎರಡ್ನೇ ಸಲ ಯಾಕೆ ಕೇಳಲ್ಲ ನೀವು?”

“ನಮ್ ಪಾವಗಡದ ಬಿಸಿಲಿಗೆ ಒಂದ್ಸಲ ಕೇಳೋ ಅಷ್ಟೊತ್ಗೇ ಬಾಯಿ ಒಣಗೋಗ್ತದೆ, ಇನ್ನ ಎರಡ್ನೇ ಸಲ ಎಲ್ಲಿಂದ ಕೇಳಾನ?” ಅಂದರು. ಆಮೇಲೆ ವಿಷಲನ್ನು ಇನ್ನೊಂದು ದವಡೆಗೆ ತಳ್ಳಿ, “ಖೋ ಎರಡು ಸಲ ಕೊಡ್ತಾರೇನಮ್ಮಾ? ಬೆನ್ನಿಗೆ ಬಿದ್ದಾಗ ಎದ್ದೇಳ್ಬೇಕು. ಅಂತೇ.”

ಅಂತೇ ಅಂದರೆ ಅಷ್ಟೇ. ಅವರ ಮಾತುಗಳೆಲ್ಲ ಅಲ್ಲಿಗೆ ಮುಗಿಯುತ್ತಿದ್ದವು.

ನಾನು ಸುಲಭಕ್ಕೆ ಕಲಿಯಲಿಲ್ಲ. ಎರಡನೆಯ ವರ್ಷ ಕೊರಟಗೆರೆಯಲ್ಲಿ ಟೂರ್ನಮೆಂಟ್ ಇತ್ತು. ಹಿಂದಿನ ದಿನ ಮೇಡಂ ಎಲ್ಲರೆದುರು, “ಏಮ್ಮಾ, ಕ್ಯಾಪ್ಟನ್ ಆಗ್ತೀಯಾ? ಬೇಕಾ, ವದ್ದಾ?” ಎಂದು ನನ್ನನ್ನೇ ಕೇಳಿದರು. ಒಂದು ವರ್ಷದಿಂದ ನಾನು ಕನಸು ಕಾಣುತ್ತಿದ್ದುದೇ ಅದನ್ನು. ಬಾಯಿ ತಾನೇ ತೆರೆದುಕೊಂಡು, “ಅಯ್ಯೋ ನಂಗ್ಯಾಕೆ ಮೇಡಂ, ಬೇರೆಯವ್ರಿಗೆ ಕೊಡಿ” ಅಂದಿತು. ಪಕ್ಕದಲ್ಲಿ ಕೊಳಾಲದ ಹುಡುಗಿಯೊಬ್ಬಳಿದ್ದಳು. ಅವಳನ್ನು ಕೇಳಿದರು. ಅವಳು “ಬೇಕು ಮೇಡಂ” ಅಂದಳು. ನನಗಿಂತ ನಿಧಾನ ಓಡುವವಳು. ಕೊರಟಗೆರೆಯಲ್ಲಿ ನಾವು ಗೆದ್ದೆವು, ಕಪ್ ಅವಳ ಕೈಯಲ್ಲಿತ್ತು, ಫೋಟೊದಲ್ಲಿ ನಾನು ಹಿಂದಿನ ಸಾಲಿನಲ್ಲಿ ಅರ್ಧ ಮುಖ. ಬಸ್ ಸ್ಟ್ಯಾಂಡಿನಲ್ಲಿ ನಾನು ಮುಸುಮುಸು ಅಳುತ್ತಿದ್ದುದನ್ನು ಮೇಡಂ ನೋಡಿದರು. ಸಮಾಧಾನ ಮಾಡಲಿಲ್ಲ. ಎಳನೀರು ಕುಡಿಯುತ್ತಿದ್ದವರು ನನ್ನ ಕಡೆ ತಿರುಗಿ, “ಎಳನೀರು ಬೇಕಾ, ವದ್ದಾ?” ಅಂದರು. ನಾನು ಕೋಪಕ್ಕೆ “ಬ್ಯಾಡ” ಅಂದೆ. ಅದೂ ಹೋಯಿತು.

ಡಿಗ್ರಿ ಮುಗಿಸಿ ತುಮಕೂರಿನಲ್ಲಿ ಎಂ.ಎಸ್ಸಿ. ಸೇರಿದೆ. ಅಂತರ್ಜಲದ ವಿಷಯ. ಮೇಡಂಗೆ ಹೇಳಲು ಹೋದಾಗ, “ನೀರಿನ ಓದಾ? ನನ್ ಹಲ್ಲು ನೋಡಿ ಸೇರ್ಕಂಡ್ಯಾ ಹೆಂಗೆ?” ಎಂದು ನಕ್ಕರು. ತಮಾಷೆಗೆ ಅಂದದ್ದು, ಆದರೆ ಸುಳ್ಳೇನೂ ಆಗಿರಲಿಲ್ಲ.

ಎರಡನೆಯ ವರ್ಷ ನಮ್ಮ ವಿಭಾಗದಿಂದ ಒಬ್ಬರಿಗೆ ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ಬಂತು. ಹೆಸರು ನನ್ನದು. ಖರ್ಚೆಲ್ಲ ಅವರದೇ. ಒಪ್ಪಿಗೆ ತಿಳಿಸಲು ಮುಂದಿನ ವಾರದವರೆಗೆ ಸಮಯ. ನಾನು ಒಲ್ಲೆ ಅಂದರೆ ಮುಂದಿನವರಿಗೆ. ಕುಣಿಯುತ್ತಾ ಊರಿಗೆ ಬಂದೆ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್, ಮಧುಗಿರಿಯಿಂದ ಪಾವಗಡದ ರೂಟು. ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತಿದ್ದರು. ವಿಷಯ ಹೇಳಿದೆ. ಅಪ್ಪ ತುತ್ತು ನುಂಗಿ, ತಟ್ಟೆ ನೋಡುತ್ತಲೇ ಕೇಳಿದರು.

“ಓಗ್ಬೇಕು ಅಂತೀಯೇನಮ್ಮಣ್ಣಿ?”

ಆ ಪ್ರಶ್ನೆಗೆ ಉತ್ತರ ಒಂದೇ ಪದ. ನನ್ನ ಬಾಯಿಂದ ಬಂದದ್ದು, “ನೀವು ಹೆಂಗಂತೀರೋ ಅಂಗೆ. ಬ್ಯಾಡ ಅಂದ್ರೆ ಬ್ಯಾಡ ಬುಡಪ್ಪ.”

‘ಯಾಕೆ ಬ್ಯಾಡ, ಓಗು’ ಎಂದು ಅಪ್ಪ ಅನ್ನುತ್ತಾರೆ, ನಾನು ಇನ್ನೊಂದು ಸಲ ಹಿಂದೇಟು ಹಾಕುತ್ತೇನೆ, ಆಮೇಲೆ ಒಪ್ಪುತ್ತೇನೆ ಎಂದುಕೊಂಡಿದ್ದೆ. ಅಪ್ಪನ ಮುಖ ಮಾತ್ರ ಹಗುರವಾಯಿತು. “ಅಂಗಾದ್ರೆ ಬುಡು. ಇಲ್ಲೇ ಮುಗಿಸ್ಕೊ. ಅಷ್ಟು ದೂರ ಒಬ್ಬಳೇ ಯಾಕೆ” ಎಂದು ಮಜ್ಜಿಗೆ ಹುಯ್ಯಿಸಿಕೊಂಡರು. ಅಮ್ಮ ಏನೂ ಅನ್ನಲಿಲ್ಲ. ಮಜ್ಜಿಗೆ ಹುಯ್ದು ಒಳಗೆ ಹೋದಳು.

ಅಪ್ಪನ ತಪ್ಪೇನೂ ಇರಲಿಲ್ಲ. ಊಟಕ್ಕಾದರೆ ಒತ್ತಾಯ ಮಾಡಬೇಕು ಎಂದು ಅವರಿಗೆ ಗೊತ್ತಿತ್ತು. ಮಗಳನ್ನು ವಿಮಾನ ಹತ್ತಿಸಲು ಯಾರು ಒತ್ತಾಯ ಮಾಡುತ್ತಾರೆ? ದಿನಗಳು ಕಳೆಯುತ್ತಿದ್ದವು. ನಾನು ತುಮಕೂರಿಗೆ ಹೋಗದೆ, ತಲೆನೋವು ಎಂದು ಹೇಳಿ ಮನೆಯಲ್ಲೇ ಮಲಗಿದ್ದೆ. ಮಾತಾಡಬೇಕು ಎಂದು ಎದ್ದು ಅಡುಗೆಮನೆ ಬಾಗಿಲಿಗೆ ಹೋಗುವುದು, ನೀರು ಕುಡಿದು ಬರುವುದು, ಇದೇ ಆಯಿತು.

ಮೇಡಂ ಶನಿವಾರ ತಮ್ಮ ತಂಗಿಯ ಮನೆಗೆ, ಪಾವಗಡಕ್ಕೆ, ಅಪ್ಪನ ಬಸ್ಸಿನಲ್ಲೇ ಹೋಗುವುದು ರೂಢಿ. ಅವರಿಗೆ ಮದುವೆಯಾಗಿರಲಿಲ್ಲ; ಅದನ್ನು ಯಾರಾದರೂ ಕೇಳಿದರೆ “ಒಬ್ಬ ಕೇಳ್ದ, ವದ್ದು ಅಂದೆ” ಎನ್ನುತ್ತಿದ್ದರು. ಡ್ರೈವರ್ ಹಿಂದಿನ ಸೀಟು ಅವರದು. ಆ ಶನಿವಾರ ಅಪ್ಪ ಸ್ಟೇರಿಂಗ್ ತಿರುಗಿಸುತ್ತಾ ಕಂಡಕ್ಟರಿಗೆ, “ನಮ್ ಹುಡುಗೀಗೆ ಜರ್ಮನಿ ಬಂದಿತ್ತು ಕಣಪ್ಪ. ಅವ್ಳೇ ಬ್ಯಾಡ ಅಂದ್ಲು. ಬಂಗಾರದಂಥ ಹುಡುಗಿ” ಎಂದು ಹೆಮ್ಮೆಯಿಂದ ಹೇಳಿದ್ದಾರೆ. ಹಿಂದಿನ ಸೀಟಿನಲ್ಲಿ ಮೇಡಂ ಕೇಳಿಸಿಕೊಂಡಿದ್ದಾರೆ. ಮರುದಿನ ಬೆಳಿಗ್ಗೆಯೇ ಮಧುಗಿರಿಗೆ ವಾಪಸಾಗಿದ್ದರಂತೆ; ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಮನೆಯ ಮುಂದೆ ಅವರ ಸ್ಕೂಟರ್ ನಿಂತಿತು.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಓಡಿಬಂದು, “ಬನ್ನಿ ಮೇಡಂ, ಊಟ ಮಾಡಿ” ಅಂದಳು.

“ಬೇಕು. ಹಾಕಿ. ಹಸಿವಾಗೈತೆ” ಅಂದರು ಮೇಡಂ, ಶೂ ಬಿಚ್ಚುತ್ತಾ.

ನಮ್ಮ ಮನೆಯಲ್ಲಿ ಅಂಥ ಉತ್ತರ ಯಾರೂ ಕೊಟ್ಟಿರಲಿಲ್ಲ. ಇನ್ನೂ ಒಂದೆರಡು ಸಲ ಕರೆಯಲು ಸಿದ್ಧವಾಗಿದ್ದ ಮಾತುಗಳನ್ನು ಎಲ್ಲಿಡುವುದೋ ಅಮ್ಮನಿಗೆ ತಿಳಿಯಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು. ಅಪ್ಪ ಮತ್ತು ಮೇಡಂ ಎದುರುಬದುರು ಕೂತರು. ಒಂದು ಮುದ್ದೆ ಮುಗಿಯುತ್ತಲೇ ಅಮ್ಮ ಇನ್ನೊಂದು ತಂದಳು. ಮೇಡಂ “ವದ್ದು” ಅಂದರು. ಅಮ್ಮ ರೂಢಿಯಂತೆ ಕೈ ಸಂದಿಯಲ್ಲಿ ಇಳಿಸಿಯೇಬಿಟ್ಟಳು. ಮೇಡಂ ಆ ಮುದ್ದೆಯನ್ನು ಎಡಗೈಯಲ್ಲಿ ಎತ್ತಿ, ಏನೂ ಆಗಿಲ್ಲವೆಂಬಂತೆ ಅಪ್ಪನ ತಟ್ಟೆಗೆ ಇಟ್ಟರು. ಅಪ್ಪ ಅದನ್ನು ನೋಡಿದರು, ಅಮ್ಮನನ್ನು ನೋಡಿದರು, ಉಂಡರು.

ಕೈ ತೊಳೆದು ಬಂದು ಮೇಡಂ ಹೇಳಿದರು. “ನಿಮ್ ಹುಡುಗಿ ಬ್ಯಾಡ ಅಂದ್ಲು ಅಂತ ಬಸ್ನಾಗೆ ಅಂದ್ರಲ್ಲಾ, ಅದನ್ನ ನಾನೂ ಒಂದ್ಸಲ ಕೇಳ್ಕಂಡು ಹೋಗಾನ ಅಂತ ಬಂದೆ.”

“ಊಂ ಮೇಡಂ. ನಾನೇನು ತಡೀಲಿಲ್ಲ. ಅವ್ಳನ್ನೇ ಕೇಳಿ ಬೇಕಾದ್ರೆ.”

ಮೇಡಂ ನನ್ನ ಕಡೆ ತಿರುಗಿದರು. “ಏಮ್ಮಾ. ಜರ್ಮನಿ. ಬೇಕಾ, ವದ್ದಾ?”

ಕಡ್ಲೆಕಾಯಿ, ಕ್ಯಾಪ್ಟನ್, ಎಳನೀರು ಎಲ್ಲ ಕಣ್ಣ ಮುಂದೆ ಹಾದುಹೋದವು. ಇವರು ಎರಡನೆಯ ಸಲ ಕೇಳುವವರಲ್ಲ. ಶೂ ಹಾಕಿಕೊಂಡು ಹೋಗಿಬಿಡುತ್ತಾರೆ. ಅಪ್ಪನ ಮುಖ ನೋಡಿದರೆ ಬಾಯಿ ಕಟ್ಟುತ್ತದೆ ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಅಂದೆ. “ಬೇಕು.”

ಅಪ್ಪನಿಗೆ ಬೇಜಾರಾಯಿತೋ ಆಶ್ಚರ್ಯವಾಯಿತೋ. “ಅವತ್ತು ಬ್ಯಾಡ ಅಂದ್ಯಲ್ಲಮ್ಮಣ್ಣಿ?”

ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ. “ಅದು ಆ ಬ್ಯಾಡ ಅಲ್ಲ ಕಣ್ರೀ” ಅಂದಳು ಅಮ್ಮ. “ಅದು ಊಟಕ್ಕೆ ಕರೆದಾಗ ಅಂತೀವಲ್ಲ, ಆ ಬ್ಯಾಡ. ನಂಗೆ ಅವತ್ತೇ ಗೊತ್ತಾಯ್ತು.”

“ಗೊತ್ತಿದ್ದೂ ಸುಮ್ಕಿದ್ಯಾ?”

“ಸುಮ್ಕಿದ್ದೆ. ಅವ್ಳು ಓಗದು ನಂಗೆ ಬ್ಯಾಡಾಗಿತ್ತು.”

ಅಮ್ಮ ಅಷ್ಟು ನೇರವಾಗಿ ಒಂದು ಮಾತು ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮೇಡಂ ಅವಳ ಕಡೆ ನೋಡಿ ಮೆತ್ತಗೆ, “ಈಗ?” ಅಂದರು.

ಅಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡೇ ಇದ್ದಳು. “ಓಗ್ಲಿ. ಬಾಯಿಬುಟ್ಟು ಕೇಳವ್ಳೆ. ಕೇಳಿದ್ ಮ್ಯಾಕೆ ಇಲ್ಲ ಅನ್ನಕ್ಕಾಯ್ತದಾ?” ಅಂದಳು. ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು, “ಆಯ್ತು ಬುಡಿ ಮೇಡಂ, ಕಳುಸ್ತೀನಿ” ಅಂದರು. ಮರುದಿನ ನಾನು ಒಪ್ಪಿಗೆ ತಿಳಿಸಿದೆ.

ಹೊರಡುವ ಮೊದಲಿನ ತಿಂಗಳುಗಳು ಪಾಸ್‌ಪೋರ್ಟ್, ವೀಸಾ ಎಂದು ಬೆಂಗಳೂರಿಗೆ ಓಡಾಡುವುದರಲ್ಲೇ ಹೋದವು. ಚಳಿಗೆ ಕೋಟು ಬೇಕಿತ್ತು. ಮೇಡಂ ಎಲ್ಲಿಂದಲೋ ಒಂದು ದಪ್ಪ ಕೋಟು ಹುಡುಕಿ ತಂದು, ತಂಡದ ಯೂನಿಫಾರಂ ಹೊಲಿಯುವ ಶಿರಾದ ಟೈಲರ್ ಹತ್ತಿರ ನನ್ನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಕೋಟಿನಲ್ಲಿ ನನ್ನಂಥ ಇಬ್ಬರು ಹಿಡಿಯುತ್ತಿದ್ದರು. “ಫಿಕರ್ ಮಾಡ್ಬೇಡಿ ಮೇಡಂ, ಬೇಟಿಗೆ ಫಿಟ್ ಮಾಡಿ ಕೊಡ್ತೀನಿ” ಎಂದು ಟೈಲರ್ ಟೇಪು ತೆಗೆದರು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ, “ಬನ್ ಬೇಕಾ, ವದ್ದಾ?” “ಬೇಕು.” “ಬೆಣ್ಣೆ?” “ಬೇಕು.” “ನನ್ ಪಾಲಿನ ಬೆಣ್ಣೆ?” ನಾನು ತಡವರಿಸಿದೆ. “ನೋಡು, ಅಲ್ಲೇ ನಿಂತ್ಬುಟ್ಟೆ” ಎಂದು ನಕ್ಕರು. ಹೊರಡುವವರೆಗೂ ಅವರು ನನಗೆ ಮಾಡಿಸಿದ ತಯಾರಿ ಇದೇ. ಅಮ್ಮ ಹುರಿಹಿಟ್ಟು, ಚಟ್ನಿಪುಡಿ, ಹುಣಸೆ ತೊಕ್ಕು ತುಂಬಿದಳು. ಬ್ಯಾಗನ್ನು ಅಪ್ಪ ಕಡ್ಲೆಕಾಯಿ ಮಂಡಿಯ ತಕ್ಕಡಿಯಲ್ಲಿ ತೂಗಿಸಿ, ಜಾಸ್ತಿಯಾಯಿತು ಎಂದು ತೊಕ್ಕು ತೆಗೆದರು. ಅಮ್ಮ ಮತ್ತೆ ಇಟ್ಟಳು.

ಕೊನೆಯ ದಿನ ಮಧುಗಿರಿಯಲ್ಲಿ ಮೇಡಂ ಮನೆಗೆ ಹೋದೆ. “ಹೋಗ್ತಾ ಇದೀಯ. ನನ್ ಕಡೆಯಿಂದ ಏನಾದ್ರೂ ಬೇಕಾ?” ಅಂದರು.

ಇಷ್ಟು ಕಲಿಸಿದ್ದಾರೆ, ಗೆದ್ದು ತೋರಿಸೋಣ ಎಂದು, “ಬೇಕು. ಆ ವಿಷಲ್ ಕೊಡಿ” ಅಂದೆ.

“ಅದು ಕೊಡಲ್ಲ. ನಂಗೆ ಕೆಲಸಕ್ಕೆ ಬೇಕು.” ನನ್ನ ಮುಖ ಸಣ್ಣಗಾದದ್ದು ಕಂಡಿರಬೇಕು. “ಬೇಕು ಅನ್ನೋದು ನಿನ್ ಕೆಲಸ. ಕೊಡೋದು ಬಿಡೋದು ಅವರಿಷ್ಟ. ಇಲ್ಲ ಅಂದ್ರೆ ಯಾರೂ ಸಾಯಲ್ಲಮ್ಮಾ. ಇದನ್ನೂ ಕಲ್ತ್ಕಂಡು ಹೋಗು.”

ಜರ್ಮನಿಯ ಆ ಊರು ಮಧುಗಿರಿಗಿಂತ ಸ್ವಲ್ಪ ದೊಡ್ಡದು, ಸದ್ದು ಮಾತ್ರ ದೊಡ್ಡೇರಿಗಿಂತ ಕಡಿಮೆ. ಭಾನುವಾರ ಅಂಗಡಿಗಳಿಲ್ಲ, ಬೀದಿಯಲ್ಲಿ ಜನರಿಲ್ಲ, ಸೂರ್ಯ ಬಂದರೆ ಬಂದ. ನಾನು ಇದ್ದದ್ದು ವಿದ್ಯಾರ್ಥಿಗಳ ಕಟ್ಟಡದಲ್ಲಿ. ನನಗೂ ಪಕ್ಕದ ರೂಮಿನ ಜರ್ಮನ್ ಹುಡುಗಿಗೂ ಒಂದೇ ಅಡುಗೆಮನೆ. ಹೋದ ದಿನವೇ ಅವಳನ್ನು, ಕುಡಿಯುವ ನೀರು ಹಿಡಿಯುವ ಘಟಕ ಎಲ್ಲಿದೆ, ಕ್ಯಾನು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ನಾಣ್ಯ ಹಾಕಿ ನೀರು ಹಿಡಿದು ತರುವ ನಮ್ಮೂರಿನ ಘಟಕವನ್ನು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಬೆವತುಹೋದೆ. ಅವಳು ನಲ್ಲಿ ತಿರುಗಿಸಿ ಒಂದು ಲೋಟ ಕುಡಿದು ತೋರಿಸಿದಳು. ನೀರಿನ ವಿಷಯ ಓದಲು ಬಂದವಳು ನಾನು.

ಅದೇ ಸಂಜೆ ಅವಳು ಕುಂಬಳಕಾಯಿಯ ಸೂಪು ಮಾಡಿ, ನಿನಗೂ ಬೇಕಾ ಎಂದು ಕೇಳಿದಳು. ಇಡೀ ದಿನ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೊಸ ಊರು, ಹೊಸ ಮುಖ. ಮೇಡಂ ಮಾಡಿಸಿದ ತಯಾರಿಯೆಲ್ಲ ವಿಮಾನದಲ್ಲೇ ಉಳಿದುಹೋಗಿತ್ತು. “ಬೇಡ ಬೇಡ, ಆಯ್ತು ನಂದು” ಅಂದೆ. ಅವಳು ನಗುತ್ತಾ ಸರಿ ಎಂದು ಕೂತು, ಎಲ್ಲ ಕುಡಿದು, ಪಾತ್ರೆ ತೊಳೆದಿಟ್ಟು ಹೋದಳು. ನಾನು ರೂಮಿನಲ್ಲಿ ಹುರಿಹಿಟ್ಟು ಕಲಸಿಕೊಂಡೆ. ಇನ್ನೊಂದು ಸಲ ಅವಳು ಕೇಕ್ ಮುಂದೆ ಹಿಡಿದಾಗ ಪಾಠ ನೆನಪಿತ್ತು. ಹೊಸದಾಗಿ ಕಲಿತ ಜರ್ಮನ್ನಿನಲ್ಲಿ “ಡಾಂಕೆ” ಅಂದೆ, ಅಂದರೆ ಥ್ಯಾಂಕ್ಸ್. ಕೇಕ್ ಹಿಂದಕ್ಕೆ ಹೋಯಿತು! ಅಲ್ಲಿ ಏನಾದರೂ ಕೊಡಲು ಬಂದಾಗ ಬರೀ ಡಾಂಕೆ ಅಂದರೆ ‘ಬೇಡ, ಥ್ಯಾಂಕ್ಸ್’ ಎಂದು ತಿಳಿಯುತ್ತಾರಂತೆ. ಫೋನಿನಲ್ಲಿ ಮೇಡಂಗೆ ಹೇಳಿದೆ. ಅವರು ನಕ್ಕ ನಗೆಗೆ ವಿಷಲ್ ನೆಲಕ್ಕೆ ಬಿದ್ದ ಸದ್ದು ದೊಡ್ಡೇರಿಗೂ ಕೇಳಿಸಿರಬೇಕು.

“ಏಯ್, ಅವ್ರು ನಮ್ ಪಾವಗಡದೋರೇ ಕಣಮ್ಮಾ. ಒಂದ್ಸಲಾನೇ ಕೇಳೋದು. ಹೆದರ್ಕಬ್ಯಾಡ, ಬೇಕು ಅನ್ನು.”

ನಿಧಾನಕ್ಕೆ ಅಭ್ಯಾಸವಾಯಿತು. ತರಗತಿಯಲ್ಲಿ ಪ್ರೊಫೆಸರ್, ನಿಮ್ಮ ನಿಮ್ಮ ಪ್ರದೇಶದ ನೀರಿನ ಬಗ್ಗೆ ಯಾರು ಮಾತಾಡುತ್ತೀರಿ ಎಂದು ಕೇಳಿದರು, ಒಂದೇ ಸಲ. ಬೆನ್ನಿಗೆ ಖೋ ಬಿದ್ದ ಹಾಗೆ ಕೈ ಎತ್ತಿಬಿಟ್ಟೆ. ಪಾವಗಡದ ಕೊಳವೆಬಾವಿ, ಅದರ ಫ್ಲೋರೈಡ್, ಕಂದು ಗೆರೆಯ ಹಲ್ಲು, ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯರು, ಹಿಡಿಯದ ಒಬ್ಬ ಮೇಡಂ. ನನ್ನ ಇಂಗ್ಲಿಷ್ ಎರಡು ಕಡೆ ಮುಗ್ಗರಿಸಿತು. ಯಾರೂ ನಗಲಿಲ್ಲ, ಪ್ರಶ್ನೆ ಬಹಳ ಕೇಳಿದರು. ಚಳಿ ಶುರುವಾದಾಗ ಜ್ವರ ಬಂತು. ಪಕ್ಕದ ರೂಮಿನವಳು ಬಾಗಿಲು ತಟ್ಟಿ, ಏನಾದರೂ ಬೇಕಾ ಅಂದಳು. “ಬೇಕು. ಅನ್ನ ಮೆತ್ತಗೆ ಗಂಜಿ ಥರ ಬೇಯಿಸಿ, ಉಪ್ಪು ಹಾಕಿ ಕೊಡ್ತೀಯಾ?” ಅಂದೆ. ಕೊಟ್ಟಳು. ಉಪ್ಪು ಸಾಲದಾಗಿತ್ತು, ಅದನ್ನೂ ಹೇಳಿದೆ, ಮತ್ತೆ ತಂದಳು. ಆ ಗಂಜಿ ಕುಡಿಯುತ್ತಾ ಈ ಊರಿನಲ್ಲಿ ಬದುಕಬಹುದು ಅನ್ನಿಸಿತು. ಒಂದು ಮಾತ್ರ ಕೊನೆಯವರೆಗೂ ಹಾಗೇ ಉಳಿಯಿತು. ಯಾರಾದರೂ ಇನ್ನೊಂದು ಸಲ ಕೇಳಲಿ ಎಂಬ ಆಸೆ.

ಮಕರ ಸಂಕ್ರಾಂತಿಯ ಸುಮಾರಿಗೆ ಅಮ್ಮ ಫೋನಿನಲ್ಲಿ, ಮೇಡಂಗೆ ಹುಷಾರಿಲ್ಲ, ಹೊಟ್ಟೆಯಲ್ಲಿ ಗಡ್ಡೆ, ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಕಳಿಸಿದ್ದಾರೆ, ರಜೆ ಹಾಕಿ ಪಾವಗಡದ ತಂಗಿ ಮನೆಯಲ್ಲಿದ್ದಾರೆ ಎಂದಳು. ನನಗೆ ಅವರು ಒಂದು ಮಾತೂ ಹೇಳಿರಲಿಲ್ಲ. ಕೂಡಲೇ ಫೋನ್ ಮಾಡಿದೆ. ದನಿ ಕ್ಷೀಣವಾಗಿತ್ತು.

“ಬರ್ಲಾ ಮೇಡಂ?”

“ವದ್ದು. ಪರೀಕ್ಷೆ ಮುಗಿಸ್ಕಂಡು ಬಾ. ಅಂತೇ.”

ಮೇಡಂ ಅವರ ವದ್ದು ಅಂದರೆ ವದ್ದು. ಅದರ ಹಿಂದೆ ಇನ್ನೊಂದು ಅರ್ಥ ಹುಡುಕುವ ಹಾಗಿರಲಿಲ್ಲ. ನಾನು ಓದಲು ಕೂತೆ.

ಅಮ್ಮ ಮಾತ್ರ ಅಪ್ಪನ ಬಸ್ಸಿನಲ್ಲಿ ಆಗಾಗ ಪಾವಗಡಕ್ಕೆ ಊಟ ತೆಗೆದುಕೊಂಡು ಹೋಗುತ್ತಿದ್ದಳು. ಪರೀಕ್ಷೆಗಳ ನಡುವೆ ಒಂದು ದಿನ ಅವಳು ಹೇಳಿದಳು. “ಮೊದ್ಲಿನ ದಿನ ಓದಾಗ ವದ್ದು ವದ್ದು ಅಂದ್ರು. ನಾನು ಬುಡ್ತೀನಾ? ತಟ್ಟೆಗೆ ಹಾಕ್ದೆ. ಉಂಡ್ರು. ಪೂರ್ತಿ ಉಂಡ್ರು.”

“ಅಮ್ಮಾ, ಅವ್ರು ವದ್ದು ಅಂದ್ರೆ ನಿಜವಾಗ್ಲೂ ವದ್ದೇ ಅಲ್ವಾ?”

“ಮೊದ್ಲು ಅಂಗಿತ್ತೇನೋ” ಅಂದಳು ಅಮ್ಮ. “ಈಗ ನಮ್ ಬ್ಯಾಡದಂಗೇ ಆಗೈತೆ ಕಣವ್ವ. ದನಿ ಕೇಳಿದ್ರೆ ಗೊತ್ತಾಗ್ತದೆ.”

ಅಮ್ಮನ ಕಿವಿಯನ್ನು ನಾನು ನಂಬಿದೆ. ಪರೀಕ್ಷೆ ಮುಗಿದ ಮೇಲೆ ಗೆಳತಿಯರೊಂದಿಗೆ ಊರೂರು ಸುತ್ತುವ ಯೋಜನೆಯಿತ್ತು. ಅದನ್ನು ಬಿಟ್ಟು ಟಿಕೆಟನ್ನು ಮುಂಚಿನ ದಿನಕ್ಕೆ ಬದಲಾಯಿಸಿಕೊಂಡು ಬಂದೆ. ಮನೆಯಲ್ಲಿ ಬ್ಯಾಗಿಟ್ಟು, ಮರುದಿನ ಬೆಳಿಗ್ಗೆಯೇ ಅಪ್ಪನ ಬಸ್ಸಿನಲ್ಲಿ, ಮೇಡಂ ಕೂರುತ್ತಿದ್ದ ಅದೇ ಸೀಟಿನಲ್ಲಿ ಪಾವಗಡಕ್ಕೆ ಹೋದೆ.

ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದರು. ಅರ್ಧ ಆಗಿದ್ದರು. ವಿಷಲ್ ಮಡಿಲಲ್ಲಿತ್ತು. ಬಾಯಲ್ಲಿಟ್ಟುಕೊಳ್ಳಲು ಆಗುತ್ತಿರಲಿಲ್ಲ. ಜರ್ಮನಿಯ ಸುದ್ದಿ ಎಲ್ಲ ಕೇಳಿದರು. ತಮ್ಮ ಹಲ್ಲಿನ ಬಗ್ಗೆ ಅಷ್ಟು ಜನರೆದುರು ಭಾಷಣ ಮಾಡಿದ್ದಕ್ಕೆ “ಫೋಟೊ ತೋರ್ಸಿದ್ಯಾ ಹೆಂಗೆ?” ಅಂದರು. ಬಸ್ ವಾಪಸ್ ಹೊರಡುವ ಹೊತ್ತಾಯಿತು. ನಾನು ಕೇಳಿದೆ. “ಕೆಲವು ದಿನ ನಾನು ಇಲ್ಲೇ ಇದ್ದು ನೋಡ್ಕೊಳ್ತೀನಿ ಮೇಡಂ. ಬೇಕಾ, ವದ್ದಾ?”

“ವದ್ದು. ಈಗಷ್ಟೇ ಬಂದಿದೀಯ, ಅಮ್ಮನ ಹತ್ರ ಇರು. ನಂಗೆ ತಂಗಿ ಅವ್ಳೆ.”

ಸರಿ ಎಂದು ಎದ್ದೆ. ಹೊಸಿಲು ದಾಟಿ ಚಪ್ಪಲಿಗೆ ಕಾಲು ತೂರಿಸಿದೆ. ಬಿಸಿಲಿನಲ್ಲಿ ಅಲ್ಲೇ ನಿಂತೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ಮುಂದೆ ನಿಂತು ಮತ್ತೆ ಕೇಳಿದೆ.

“ಮೇಡಂ, ನಾನು ಇಲ್ಲೇ ಇರ್ಲಾ? ಬೇಕಾ, ವದ್ದಾ?”

ಮೇಡಂ ನನ್ನನ್ನು ದಿಟ್ಟಿಸಿದರು. “ಎರಡ್ನೇ ಸಲ ಕೇಳಲ್ಲ ಅಂತ ಎಷ್ಟು ವರ್ಷದಿಂದ ಹೇಳ್ತಿದೀನಿ?”

“ಕೇಳಲ್ಲ ಅಂದಿದ್ದು ನೀವು ಮೇಡಂ. ನಾನು ದೊಡ್ಡೇರಿಯೋಳು.”

ನಕ್ಕರು. ಸದ್ದಿರಲಿಲ್ಲ, ಆದರೆ ಕಂದು ಗೆರೆಗಳೆಲ್ಲ ಕಂಡವು. ನಗು ನಿಂತ ಮೇಲೆ ಕಣ್ಣು ಒದ್ದೆಯಾಗಿತ್ತು. ಮಂಚದ ಅಂಚನ್ನು ಕೈಯಲ್ಲಿ ತಟ್ಟಿ, ಕೂರಲು ಜಾಗ ಮಾಡಿದರು.

“ಬೇಕು. ಇರು” ಅಂದರು.

ಹೊರಗೆ ರಸ್ತೆಯಲ್ಲಿ ಅಪ್ಪ ಬಸ್ಸಿನ ಹಾರ್ನ್ ಹಾಕಿದರು. ನಾನು ಬರುವುದಿಲ್ಲ ಎಂದು ಹೋಗಿ ಹೇಳಿಬಂದೆ. ಯುಗಾದಿಗೆ ಮೊದಲೇ ಮೇಡಂ ತೀರಿಹೋದರು. ಅಲ್ಲಿಯವರೆಗೂ ನಾನು ಪಾವಗಡದಲ್ಲೇ ಇದ್ದೆ. ವಿಷಲನ್ನು ನಾನು ಕೇಳಲಿಲ್ಲ. ಅದು ಕೆಲಸದ ವಸ್ತು. ಅವರ ತಂಗಿ ಅದನ್ನು ಕಾಲೇಜಿಗೆ ಕೊಟ್ಟರು, ಖೋ ಖೋ ಹುಡುಗಿಯರ ಹತ್ತಿರ ಇದೆ.

ಈಗ ನಾನು ನೀರಿನ ಮಾದರಿ ತೆಗೆಯಲು ಆ ಕಡೆಯ ಊರುಗಳಲ್ಲೇ ಓಡಾಡುತ್ತೇನೆ. ಬಿಸಿಲಲ್ಲಿ ಹೋದವಳನ್ನು ಜನ ಊಟಕ್ಕೆ ಕರೆಯುತ್ತಾರೆ, ನಾನು ಮೊದಲನೆಯ ಸಲಕ್ಕೇ ಬೇಕು ಅನ್ನುತ್ತೇನೆ. ನಾನು ಯಾರನ್ನಾದರೂ ಕೇಳುವಾಗ ಮಾತ್ರ ಎರಡು ಸಲ ಕೇಳುತ್ತೇನೆ.